ಸೈಟು ಬೇರೆ ಸರ್ವರಿಗೆ ಸಾಗಿಸ್ತಿದ್ದೀರಾ? ನೋಟ್‌ಪ್ಯಾಡ್ ತೆರೆಯೋರ ಕೈಗೆ ಮಾತ್ರ ಕೊಡಬೇಡಿ

ನಮ್ಮದು ಮುಂಬಯಿ ಹತ್ತಿರದ ಡೊಂಬಿವಲಿ ಕಡೆಯ ಒಂದು ಪುಟ್ಟ ಕನ್ನಡ ಬಳಗ. ವರ್ಡ್‌ಪ್ರೆಸ್ ಅನ್ನೋ ಸೈಟು ಕಟ್ಟುವ ತಂತ್ರಾಂಶದಲ್ಲಿ ಮಾಡಿದ ಹಳೇ ಸೈಟು, 2011ರದು. ಅದರಲ್ಲಿರೋದು ಜಾಸ್ತಿ ಫೋಟೋಗಳೇ: ಯಕ್ಷಗಾನ, ರಾಜ್ಯೋತ್ಸವ, ಮಕ್ಕಳ ಕನ್ನಡ ತರಗತಿ. ಸೈಟಿಗೆ ಸರ್ವರಿನಲ್ಲಿ ಜಾಗ ಕೊಡೋ ಹೋಸ್ಟಿಂಗ್ ಕಂಪನಿಯವರು ನವೀಕರಣದ ದರ ಎರಡು ಪಟ್ಟು ಮಾಡಿದರು. ಕಳೆದ ಅಕ್ಟೋಬರಿನಲ್ಲಿ ಬೇರೆ ಕಡೆ ಹೋಗೋಣ ಅಂತ ತೀರ್ಮಾನವಾಯಿತು. ಠಾಣೆಯ ಪರಿಚಯದ ಹುಡುಗನೊಬ್ಬ 3,000 ರೂಪಾಯಿಗೆ ಒಪ್ಪಿಕೊಂಡ. "ಟೆನ್ಶನ್ ನಕೋ ಕಾಕಾ, ಒಂದು ತಾಸಿನ ಕೆಲಸ" ಅಂದ. ಅವನ ಆ ಒಂದು ತಾಸು ನನ್ನ ಹನ್ನೊಂದು ರಾತ್ರಿ ತಿಂದಿತು.

ನವೆಂಬರ್ 1ರ ಕಾರ್ಯಕ್ರಮ ಮುಗಿಸಿ, ಕೊನೆಯ ಲೋಕಲ್ ಹಿಡಿದು ಮನೆಗೆ ಬಂದು ಫೋಟೋ ಏರಿಸಲು ಕೂತೆ. ಒಂದೂ ಏರಲಿಲ್ಲ. 'ಅಪ್‌ಲೋಡ್ಸ್' (ಫೋಟೋಗಳು ಕೂರೋ ಫೋಲ್ಡರ್) ಒಳಗೆ ಹೊಸ ತಿಂಗಳ ಫೋಲ್ಡರ್ ಮಾಡಲಾಗುತ್ತಿಲ್ಲ, ಅದರ ಮೇಲಿನ ಫೋಲ್ಡರಿನಲ್ಲಿ ಬರೆಯಲು ಸರ್ವರಿಗೆ ಅನುಮತಿ ಇದೆಯಾ ನೋಡಿ ಅನ್ನೋ ಅರ್ಥದ ಸಂದೇಶ ಬಂತು. ಹಳೇ ಫೋಟೋಗಳೆಲ್ಲ ಚೆನ್ನಾಗೇ ಕಾಣುತ್ತಿದ್ದವು. ನಾವು ಮೋಸ ಹೋಗಿದ್ದೇ ಅಲ್ಲಿ. ಫೋಲ್ಡರ್ ಇದೆ, ಫೋಟೋ ಕಾಣ್ತಿದೆ, ಹಾಗಾದರೆ ಅನುಮತಿಯದ್ದೇ ತೊಂದರೆ ಅಂದುಕೊಂಡೆವು.

ಹುಡುಗನಿಗೆ ಫೋನ್ ಮಾಡಿದರೆ ಫೋಲ್ಡರಿನ ಅನುಮತಿ ಸಂಖ್ಯೆಯನ್ನು "777 ಮಾಡಿ ಕಾಕಾ" ಅಂದ. ಮಾಡಿದೆ. ಏನೂ ಆಗಲಿಲ್ಲ, ವಾಪಸ್ ಬದಲಿಸೋದೂ ಮರೆತೆ. 777 ಅಂದರೆ ಆ ಸರ್ವರಿನಲ್ಲಿ ಖಾತೆ ಇರುವ ಯಾರು ಬೇಕಾದರೂ ಬಂದು ಬರೆದು ಹೋಗಬಹುದು ಅಂತ ಅರ್ಥ. ಹಲವರ ಸೈಟು ಒಂದೇ ಸರ್ವರಿನಲ್ಲಿರೋ ಅಗ್ಗದ ಶೇರ್ಡ್ ಹೋಸ್ಟಿಂಗಿನಲ್ಲಂತೂ ಮನೆ ಬಾಗಿಲು ತೆರೆದಿಟ್ಟು ಊರಿಗೆ ಹೋದ ಹಾಗೆ. ಐದನೇ ದಿನ ನೋಡಿದರೆ 2016ರ ಫೋಟೋಗಳ ನಡುವೆ ನಾವು ಹಾಕದ, ಸರ್ವರಿನಲ್ಲಿ ಪ್ರೋಗ್ರಾಮಾಗಿ ಓಡಬಲ್ಲ ಒಂದು ಪಿಎಚ್‌ಪಿ ಫೈಲು ಕೂತಿತ್ತು. 777ರಿಂದಲೇ ಬಂತು ಅಂತ ಆಣೆ ಮಾಡಿ ಹೇಳಲಾರೆ, ಆದರೆ ಅದಕ್ಕೆ ಮುಂಚೆ ಇರಲಿಲ್ಲ. ಅದನ್ನು ಅಳಿಸಿ, ಎಲ್ಲ ಪಾಸ್‌ವರ್ಡ್ ಬದಲಿಸಿ, ಅನುಮತಿಯನ್ನು ಫೋಲ್ಡರಿಗೆ 755, ಫೈಲಿಗೆ 644 (ಬರೆಯೋ ಹಕ್ಕು ಮಾಲೀಕನಿಗೆ ಮಾತ್ರ) ಮಾಡಿ, ಅಪ್‌ಲೋಡ್ಸ್ ಒಳಗೆ ಪಿಎಚ್‌ಪಿ ಓಡದ ಹಾಗೆ ಬಂದ್ ಮಾಡಿದೆ. ಫೋಟೋ ಮಾತ್ರ ಇನ್ನೂ ಏರುತ್ತಿರಲಿಲ್ಲ. ಬಳಗದ ಶೆಟ್ರು ದಿನಾ ಫೋನ್. "ಎಂತ ಮಾರಾಯ್ರೆ, ಮುಂದಿನ ರಾಜ್ಯೋತ್ಸವಕ್ಕಾದ್ರೂ ಬರ್ತದಾ?"

ನಿಜವಾದ ತೊಂದರೆ ಸೈಟಿನ ಬರಹ, ಸೆಟ್ಟಿಂಗುಗಳೆಲ್ಲ ಕೂರೋ ಡೇಟಾಬೇಸಿನಲ್ಲಿತ್ತು. ಆಪ್ಷನ್ಸ್ ಟೇಬಲಿನಲ್ಲಿ 'ಅಪ್‌ಲೋಡ್_ಪಾತ್' ಅಂತ, ಫೋಟೋ ಎಲ್ಲಿಡಬೇಕು ಅನ್ನೋ ದಾರಿ ಹೇಳೋ ಒಂದು ಸಾಲಿದೆ. ಈಗಿನ ಸೈಟುಗಳಲ್ಲಿ ಸಾಮಾನ್ಯವಾಗಿ ಅದು ಖಾಲಿ ಇರುತ್ತೆ. ನಮ್ಮ ಹಳೇ ಸೈಟಿನಲ್ಲಿ ಸರ್ವರಿನ ಪೂರ್ತಿ ದಾರಿಯನ್ನೇ ಯಾರೋ ಬರೆದಿಟ್ಟಿದ್ದರು. ಹುಡುಗ ಏನು ಮಾಡಿದ್ದಾನೆ ಅಂದರೆ, ಡೇಟಾಬೇಸಿನ ಡಂಪ್ ಫೈಲನ್ನು (ಇಡೀ ಡೇಟಾಬೇಸನ್ನು ಒಂದೇ ಫೈಲಿಗೆ ಇಳಿಸಿದ ಪ್ರತಿ) ನೋಟ್‌ಪ್ಯಾಡಿನಲ್ಲಿ ತೆರೆದು, '/ಹೋಮ್/ಬಳಗ/' ಹುಡುಕಿ '/ಹೋಮ್/ಬಳಗ2' ಅಂತ ಬದಲಿಸಿದ್ದಾನೆ. ಕೊನೆಯ ಸ್ಲ್ಯಾಶ್ ನುಂಗಿಹೋಯಿತು. ದಾರಿ '/ಹೋಮ್/ಬಳಗ2ಪಬ್ಲಿಕ್_ಎಚ್‌ಟಿಎಂಎಲ್/' ಅಂತ ಅಂಟಿಕೊಂಡಿತು. ಲೋಕದಲ್ಲೇ ಇಲ್ಲದ ಫೋಲ್ಡರು ಅದು, ನಾನು ಇನ್ನೆಲ್ಲೋ 777 ಕೊಟ್ಟರೆ ಏನು ಬಂತು! ದೋಷದ ಸಂದೇಶವೂ ದಾರಿಯ ಬಾಲ ಮಾತ್ರ ತೋರಿಸಿತ್ತು, ಕೆಟ್ಟ ಭಾಗ ಕಾಣಿಸಲೇ ಇಲ್ಲ. ಆ ಸಾಲನ್ನು ಖಾಲಿ ಮಾಡಿದೆ, ಫೋಟೋ ಏರಿತು. ಹತ್ತು ಸೆಕೆಂಡು. ಹೊಟ್ಟೆ ಉರಿಯೋ ಸಂಗತಿ ಅಂದರೆ ಇದಕ್ಕೆ ಡೇಟಾಬೇಸ್ ತೆರೆಯಲೂ ಬೇಕಿರಲಿಲ್ಲ. ಸೆಟ್ಟಿಂಗ್ಸ್‌ನ ಮೀಡಿಯಾ ಪುಟದಲ್ಲೇ ಅದರ ಬಾಕ್ಸ್ ಇತ್ತು. 2012ರ 3.5 ಆವೃತ್ತಿಯಿಂದ ಈ ಬಾಕ್ಸ್ ಸಾಮಾನ್ಯ ಸೈಟುಗಳಲ್ಲಿ ಕಾಣೋದಿಲ್ಲ, ದಾರಿ ಬೇರೆ ಬರೆದಿದ್ದರೆ ಮಾತ್ರ ಕಾಣುತ್ತೆ. ಅಂದರೆ ಆ ಬಾಕ್ಸ್ ಅಲ್ಲಿ ಕಾಣೋದೇ ಒಂದು ಸುಳಿವು.

ಇಲ್ಲಿಗೆ ಮುಗಿಯಲಿಲ್ಲ. ಅದೇ ಡಂಪಿನಲ್ಲಿ ಅವನು ವಿಳಾಸಗಳ ಮುಂದೆ ಎಚ್‌ಟಿಟಿಪಿ ಇದ್ದಲ್ಲೆಲ್ಲ ಎಚ್‌ಟಿಟಿಪಿಎಸ್ ಮಾಡಿದ್ದ. ವಿಜೆಟ್ (ಬದಿಯ ಪಟ್ಟಿಯ ಒಂದೊಂದು ತುಣುಕು) ಥರದ ಸೆಟ್ಟಿಂಗುಗಳನ್ನು ವರ್ಡ್‌ಪ್ರೆಸ್ ಸೀರಿಯಲೈಸ್ ಮಾಡಿ, ಅಂದರೆ ಒಂದೇ ಉದ್ದ ಸಾಲಾಗಿ ಪೋಣಿಸಿ ಇಡುತ್ತೆ, ಪ್ರತಿ ತುಣುಕಿನ ಮುಂದೆ ಅದು ಎಷ್ಟು ಬೈಟ್ (ಕಂಪ್ಯೂಟರಿನ ಅಳತೆ) ಅನ್ನೋ ಲೆಕ್ಕ ಸಮೇತ. ಒಳಗೆ ಒಂದು ಅಕ್ಷರ ಹೆಚ್ಚಾಗಿ ಲೆಕ್ಕ ಹಳೆಯದೇ ಉಳಿದರೆ ಆ ಇಡೀ ಸೆಟ್ಟಿಂಗ್ ಓದಲು ಬರೋದಿಲ್ಲ. ನಮ್ಮ ಬದಿಯ ಪಟ್ಟಿ, ತರಗತಿಯ ವೇಳಾಪಟ್ಟಿ ಎಲ್ಲ ಮಾಯ. ನಾನೇ ಲೆಕ್ಕ ಸರಿ ಮಾಡ್ತೀನಿ ಅಂತ ಕೂತು ಬೆರಳಲ್ಲಿ ಎಣಿಸಿದೆ, ದಡ್ಡತನ. 'ಮುಂಬಯಿ' ನಮ್ಮ ಕಣ್ಣಿಗೆ ಮೂರೇ ಅಕ್ಷರ ಅಲ್ವಾ? ಬೈಟಿನ ಲೆಕ್ಕದಲ್ಲಿ 18. ಕೊಂಬು, ಸೊನ್ನೆ, ಗುಡಿಸು ಎಲ್ಲ ಬೇರೆ ಬೇರೆ, ಒಂದೊಂದಕ್ಕೂ 3 ಬೈಟ್.

ಮೂಲ ಡಂಪ್ ಕೊಡು ಅಂದರೆ ಹುಡುಗ ಅದರ ಮೇಲೆಯೇ ಸೇವ್ ಮಾಡಿಬಿಟ್ಟಿದ್ದ. ಹಳೇ ಹೋಸ್ಟಿಂಗಿನ ಅವಧಿ ಇನ್ನೂ ನಾಲ್ಕು ದಿನ ಬಾಕಿ ಇದ್ದಿದ್ದು ನಮ್ಮ ಪುಣ್ಯ. ಅಲ್ಲಿಂದ ಹೊಸ ಡಂಪ್ ತೆಗೆದು ಹೊಸ ಸರ್ವರಿಗೆ ತುಂಬಿ, ಆದೇಶ ಬರೆದು ಸೈಟು ನಿಭಾಯಿಸೋ ಉಪಕರಣ ಡಬ್ಲ್ಯೂಪಿ-ಸಿಎಲ್‌ಐನ ಸರ್ಚ್-ರಿಪ್ಲೇಸ್ ಓಡಿಸಿದೆ. ಅದು ಬೈಟಿನ ಲೆಕ್ಕವನ್ನೂ ತಾನೇ ಸರಿಪಡಿಸುತ್ತೆ. ಮೊದಲು ಡ್ರೈ-ರನ್ (ಏನೂ ಬದಲಿಸದ ಪರೀಕ್ಷೆ) ಹಾಕಿ, ಎಲ್ಲೆಲ್ಲಿ ಎಷ್ಟು ಬದಲಾಗುತ್ತೆ ನೋಡಿ, ಆಮೇಲೆ ನಿಜವಾಗಿ ಓಡಿಸಿ. ಅಪ್‌ಲೋಡ್_ಪಾತ್ ಮತ್ತೆ ಖಾಲಿ ಮಾಡಿದೆ. ಸ್ಥಳಾಂತರದ ನಂತರ ಬರೆದಿದ್ದ ಎರಡು ವರದಿಗಳನ್ನು ಕೈಯಲ್ಲೇ ಹಾಕಬೇಕಾಯಿತು.

ಹುಡುಗ ಈಗಲೂ ಬಾಕಿ 1,500 ರೂಪಾಯಿ ಕೇಳಿ ವಾಟ್ಸ್‌ಆ್ಯಪ್ ಮಾಡುತ್ತಾನೆ. ಕೆಟ್ಟವನಲ್ಲ, ತಿಳಿಯದು ಅಷ್ಟೇ. ನೀವು ಯಾರಿಗಾದರೂ ಕೆಲಸ ಕೊಡೋ ಮುಂಚೆ ಒಂದೇ ಪ್ರಶ್ನೆ ಕೇಳಿ: ಡೇಟಾಬೇಸಿನೊಳಗಿನ ವಿಳಾಸ ಹೇಗೆ ಬದಲಿಸ್ತೀಯಪ್ಪಾ? ನೋಟ್‌ಪ್ಯಾಡ್ ಅಂದರೆ ಒಂದು ಕಟಿಂಗ್ ಚಾ ಕುಡಿಸಿ ಕಳಿಸಿಬಿಡಿ.