ಥಂಡರ್‌ಬರ್ಡ್ ಆಂಡ್ರಾಯ್ಡ್: ‘ಆಟೋಮ್ಯಾಟಿಕ್’ ಪಕ್ಕದ ಆ ಕಂಸವನ್ನು ಓದಿ

ಕೆ-9 ಮೇಲ್ ಆಗಿದ್ದ ಕಾಲದಿಂದ ನಾನು ಬಳಸುತ್ತಿರುವ ಮೇಲ್ ಆ್ಯಪ್ ಇದು. 2024ರ ಅಕ್ಟೋಬರ್‌ನಲ್ಲಿ ಥಂಡರ್‌ಬರ್ಡ್ ಹೆಸರಿನಲ್ಲಿ ಬಂದ ಮೇಲೂ ಒಳಗಿನ ಜೀವ ಅದೇ. ಥೀಮ್, ವಿಜೆಟ್, ನೋಟಿಫಿಕೇಶನ್ ಎಲ್ಲ ನಿಮಗೆ ಗೊತ್ತಿರುವುದೇ. ನಾನು ಹೇಳಹೊರಟಿದ್ದು ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ‘ಫೋಲ್ಡರ್ಸ್’ ಎಂಬ ಒಂದೇ ಒಂದು ಪುಟದ ಬಗ್ಗೆ.

ಆರ್ಕೈವ್, ಡ್ರಾಫ್ಟ್ಸ್, ಸೆಂಟ್, ಸ್ಪ್ಯಾಮ್, ಟ್ರ್ಯಾಶ್ ಎಂದು ಅಲ್ಲಿ ಐದು ಸಾಲುಗಳಿವೆ. ಎಲ್ಲ ಸರಿಯಿದ್ದರೆ ಪ್ರತಿ ಸಾಲಿನಲ್ಲೂ ‘ಆಟೋಮ್ಯಾಟಿಕ್’, ಅದರ ಪಕ್ಕದ ಕಂಸದಲ್ಲಿ ಆ್ಯಪ್ ಆರಿಸಿಕೊಂಡ ಫೋಲ್ಡರ್‌ನ ಹೆಸರು. ಈ ಕಂಸ ನನಗೆ ಬಲು ಇಷ್ಟ. ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತೇನೆ ಎನ್ನುವ ತಂತ್ರಾಂಶಗಳಿಗೆ ಬರವಿಲ್ಲ, ಏನು ಮಾಡಿದೆ ಎಂದು ತೋರಿಸುವವು ಕಡಿಮೆ.

ಹೆಸರು ನೋಡಿ ಊಹಿಸುವ ಕೆಲಸ ಇಲ್ಲಿಲ್ಲ. 2011ರ ಆರ್‌ಎಫ್‌ಸಿ 6154 ಎಂಬ ಇಂಟರ್ನೆಟ್ ಮಾನದಂಡದ ಪ್ರಕಾರ ಐಮ್ಯಾಪ್ (ಮೇಲ್‌ಗಳನ್ನು ಸರ್ವರ್‌ನಲ್ಲೇ ಇಟ್ಟು ಓದುವ ವಿಧಾನ) ಸರ್ವರ್ ಫೋಲ್ಡರ್ ಪಟ್ಟಿ ಕೊಡುವಾಗಲೇ ‘ಇದು ಕಳಿಸಿದ್ದು, ಇದು ಕಸದ್ದು’ ಎಂದು ಗುರುತು ಹಚ್ಚಿ ಕೊಡಬಹುದು. ಆ್ಯಪ್ ನಂಬುವುದು ಆ ಗುರುತನ್ನು. ಇದರ ಬೆಲೆ ಗೊತ್ತಾಗಬೇಕಾದರೆ ಜಿಮೇಲ್‌ನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ನೋಡಿ. ಐಮ್ಯಾಪ್ ಮೂಲಕ ಬರುವ ಫೋಲ್ಡರ್ ಹೆಸರುಗಳೂ ಕನ್ನಡವಾಗುತ್ತವೆ. ‘ಸೆಂಟ್’ ಎಂಬ ಇಂಗ್ಲಿಷ್ ಪದಕ್ಕೆ ಹುಡುಕಾಡುವ ತಂತ್ರಾಂಶ ಅಲ್ಲೇ ಎಡವುತ್ತದೆ. ಗುರುತನ್ನು ಓದುವ ಇದಕ್ಕೆ ಹೆಸರು ಯಾವ ಭಾಷೆಯದಾದರೂ ಒಂದೇ.

ಇನ್ನು ನನ್ನ ತಕರಾರು. ಸರ್ವರ್ ಗುರುತು ಕೊಡದಿದ್ದರೆ ಆಟೋಮ್ಯಾಟಿಕ್‌ಗೆ ಹಿಡಿಯಲು ಏನೂ ಸಿಗುವುದಿಲ್ಲ, ಕಂಸದಲ್ಲಿ ‘ನನ್’ (None, ಅಂದರೆ ಯಾವುದೂ ಇಲ್ಲ) ಬಂದು ಕೂರುತ್ತದೆ. ಕಡಿಮೆ ದುಡ್ಡಿನ ಹೋಸ್ಟಿಂಗ್‌ನಲ್ಲಿ, ಹಳೆಯ ಆಫೀಸು ಸರ್ವರ್‌ಗಳಲ್ಲಿ ಇದು ಮಾಮೂಲು. ಆದರೆ ಪರಿಣಾಮ ಸಣ್ಣದಲ್ಲ. ಟ್ರ್ಯಾಶ್‌ಗೆ ಫೋಲ್ಡರ್ ಇಲ್ಲದಿದ್ದಾಗ ಅಳಿಸಿದ ಮೇಲ್ ಎಲ್ಲಿಗೂ ಸರಿಯದೆ ನೇರವಾಗಿ ಹೋಗೇಬಿಡುತ್ತದೆ. ಸೆಂಟ್‌ಗೆ ಫೋಲ್ಡರ್ ಇಲ್ಲದಿದ್ದರೆ ಮೇಲ್ ತಲುಪುತ್ತದೆ, ನಿಮ್ಮ ಬಳಿ ಪ್ರತಿ ಉಳಿಯುವುದಿಲ್ಲ. ಕೊಟೇಶನ್ ಕಳಿಸಿದ ಮೂರು ತಿಂಗಳ ಮೇಲೆ ಅದನ್ನು ಹುಡುಕುವಾಗ ಗೊತ್ತಾಗುವಂಥ ನಷ್ಟ ಇದು. ಅಕೌಂಟ್ ಸೇರಿಸುವಾಗಲೇ ದೊಡ್ಡದಾಗಿ ಎಚ್ಚರಿಸಬೇಕಾದ ಸಂಗತಿ ಸೆಟ್ಟಿಂಗ್ಸ್‌ನ ಮೂರನೇ ಪದರದಲ್ಲಿ ಅಡಗಿರುವುದು ಸರಿಯಲ್ಲ.

ಎರಡನೆಯ ತೊಡಕು ಗುರುತು ಹೆಚ್ಚಾದಾಗ. ಡೊವ್‌ಕಾಟ್ ಎಂಬ ಮೇಲ್ ಸರ್ವರ್ ತಂತ್ರಾಂಶದ ಮಾದರಿ ಕಾನ್ಫಿಗರೇಶನ್‌ನಲ್ಲಿ ‘ಸೆಂಟ್’, ‘ಸೆಂಟ್ ಮೆಸೇಜಸ್’ ಎರಡಕ್ಕೂ ಒಂದೇ ಗುರುತಿದೆ. ಎರಡೂ ಫೋಲ್ಡರ್ ಇದ್ದರೆ ಫೋನ್ ಒಂದನ್ನು ಹಿಡಿಯಬಹುದು, ಕಂಪ್ಯೂಟರ್ ಇನ್ನೊಂದನ್ನು. ಜೊತೆಗೆ ಔಟ್‌ಲುಕ್ ಬಳಸಿದವರ ‘ಸೆಂಟ್ ಐಟಮ್ಸ್’ ಇದ್ದರಂತೂ ಒಂದೇ ಮಾತುಕತೆ ಮೂರು ಕಡೆ ಹಂಚಿಹೋಗುತ್ತದೆ. ಇಲ್ಲಿ ಕೈಯಿಂದ ಆರಿಸುವುದೇ ಸರಿ. ಫೋನ್‌ನಲ್ಲಿ ‘ಸೆಂಟ್ ಫೋಲ್ಡರ್’ ಒತ್ತಿ ಒಂದನ್ನು ಆರಿಸಿ. ಡೆಸ್ಕ್‌ಟಾಪ್ ಥಂಡರ್‌ಬರ್ಡ್‌ನ ‘ಕಾಪೀಸ್ ಆ್ಯಂಡ್ ಫೋಲ್ಡರ್ಸ್’ನಲ್ಲಿ ‘ಅದರ್’ ಆರಿಸಿ ಅದೇ ಫೋಲ್ಡರ್ ತೋರಿಸಿ. ಕೆಲವು ಸರ್ವರ್‌ಗಳಲ್ಲಿ ಎಲ್ಲ ಫೋಲ್ಡರ್‌ಗಳೂ ‘ಇನ್‌ಬಾಕ್ಸ್’ನ ಹೊಟ್ಟೆಯೊಳಗೇ ಇರುತ್ತವೆ, ಪಟ್ಟಿಯಲ್ಲಿ ಕಾಣಲಿಲ್ಲವೆಂದು ಗಾಬರಿಯಾಗದೆ ಅಲ್ಲೂ ನೋಡಿ.

ಹೊಸ ಅಕೌಂಟ್ ಸೇರಿಸಿದಾಗಲೆಲ್ಲ ನಾನು ಎರಡು ನಿಮಿಷದ ಪರೀಕ್ಷೆ ಮಾಡುತ್ತೇನೆ. ಮೊದಲು ಐದೂ ಕಂಸ ಓದುವುದು. ಆಮೇಲೆ ನನಗೇ ಒಂದು ಮೇಲ್ ಕಳಿಸಿ, ಒಂದು ಡ್ರಾಫ್ಟ್ ಉಳಿಸಿ, ಬಂದ ಮೇಲನ್ನು ಅಳಿಸಿ, ವೆಬ್‌ಮೇಲ್‌ನಲ್ಲಿ ಮೂರೂ ಎಲ್ಲಿ ಬಿದ್ದಿವೆ ಎಂದು ನೋಡುವುದು. ಕಳಿಸಿದ್ದು ಸೆಂಟ್‌ನಲ್ಲಿ ಎರಡೆರಡು ಸಲ ಕಂಡರೆ ಫೋಲ್ಡರ್ ಮುಟ್ಟಬೇಡಿ. ಸರ್ವರ್ ತಾನೇ ಒಂದು ಪ್ರತಿ ಇಡುತ್ತಿದೆ ಎಂದರ್ಥ, ‘ಅಪ್‌ಲೋಡ್ ಸೆಂಟ್ ಮೆಸೇಜಸ್’ ಆಫ್ ಮಾಡಿದರೆ ಸಾಕು.

ಇಷ್ಟು ಮಾಡಿಕೊಂಡ ಮೇಲೆ ಆ್ಯಪ್ ಮೇಲಿನ ಸಿಟ್ಟು ಇಳಿಯುತ್ತದೆ, ಬಿಡಿಗಾಸು ಕೊಡದೆ ಇಷ್ಟು ಹಿಡಿತ ಕೊಡುವ ಮೇಲ್ ಆ್ಯಪ್ ನನಗೆ ಇನ್ನೊಂದು ಸಿಕ್ಕಿಲ್ಲ. ಜಿಮೇಲ್‌ನಂಥ ದೊಡ್ಡ ಸೇವೆಯಾದರೆ ಆಟೋಮ್ಯಾಟಿಕ್ ಬಿಟ್ಟು ಕದಲಬೇಡಿ. ಸ್ವಂತ ಡೊಮೈನ್ ಇದ್ದವರು ಸರ್ವರ್ ನೋಡಿಕೊಳ್ಳುವವರಿಗೆ ಹೇಳಿ ಪ್ರತಿ ಕೆಲಸಕ್ಕೂ ಒಂದೇ ಫೋಲ್ಡರ್‌ಗೆ ಗುರುತು ಹಾಕಿಸಿ. ಆಮೇಲೆ ‘ಮ್ಯಾನೇಜ್ ಫೋಲ್ಡರ್ಸ್’ನಲ್ಲಿ ಪಟ್ಟಿ ರಿಫ್ರೆಶ್ ಮಾಡಿ, ಕಂಸದಲ್ಲಿದ್ದ ‘ನನ್’ ಹೋಗಿ ಹೆಸರು ಬಂತೇ ನೋಡಿ.