ಭಾನುವಾರ ರೋಮ್, ಸೋಮವಾರ ಫ್ಲಾರೆನ್ಸ್: ಇಟಲಿ ಗ್ರೂಪ್ ಟೂರ್‌ಗೆ ದುಡ್ಡು ಕಟ್ಟುವ ಮೊದಲು

ಫ್ಲಾರೆನ್ಸ್‌ನ ಪಿಯಾತ್ಸಾ ದೆಲ್ಲಾ ಸಿನ್ಯೋರಿಯಾ ಚೌಕದಲ್ಲಿ, ಹಳೆಯ ಅರಮನೆಯ ಬಾಗಿಲ ಪಕ್ಕ, ಒಬ್ಬ ಡೇವಿಡ್ ನಿಂತಿದ್ದಾನೆ. ಬೆಂಗಳೂರಿನಿಂದ ಹೋಗಿದ್ದ 46 ಜನರ ತಂಡವೊಂದು ಅವನ ಮುಂದೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡಿತು. ಮೈಕೆಲ್ಯಾಂಜೆಲೋನ ಡೇವಿಡ್ ನೋಡಿದೆವು ಎಂಬ ಸಂತೋಷದಲ್ಲಿ ಬಸ್ ಹತ್ತಿತು. ಅದು 1910ರಲ್ಲಿ ಅಲ್ಲಿ ನಿಲ್ಲಿಸಿದ ಪ್ರತಿಕೃತಿ. ಅಸಲಿ ಡೇವಿಡ್ 1504ರಲ್ಲಿ ಮುಗಿದ, 5.17 ಮೀಟರ್ ಎತ್ತರದ ಅಮೃತಶಿಲೆಯ ಮೂರ್ತಿ. ಅದನ್ನು 1873ರಲ್ಲೇ ಚೌಕದಿಂದ ತೆಗೆದು ಅಕಾಡೆಮಿಯಾ ಗ್ಯಾಲರಿಗೆ ಸಾಗಿಸಲಾಗಿದೆ. ಚೌಕದಿಂದ ಗ್ಯಾಲರಿಗೆ ಹತ್ತು ಹದಿನೈದು ನಿಮಿಷದ ನಡಿಗೆ. ಅಂದು ಅಲ್ಲಿಗೆ ಹೋಗಿದ್ದರೂ ಒಳಗೆ ಬಿಡುತ್ತಿರಲಿಲ್ಲ. ಸೋಮವಾರ ಅಕಾಡೆಮಿಯಾಗೂ ರಜೆ, ಉಫಿತ್ಸಿ ಗ್ಯಾಲರಿಗೂ ರಜೆ.

ತಂಡದ ಕೈಯಲ್ಲಿದ್ದ ಇಟಿನರರಿಯಲ್ಲಿ, ಅಂದರೆ ಪ್ರವಾಸದ ದಿನವಾರು ಪಟ್ಟಿಯಲ್ಲಿ, ಸುಳ್ಳು ಇರಲಿಲ್ಲ. 'ಪ್ರಸಿದ್ಧ ಡೇವಿಡ್ ಪ್ರತಿಮೆಯನ್ನು ಕಾಣುವಿರಿ' ಎಂದಿತ್ತು, ಅಷ್ಟೇ. ಯಾವ ಡೇವಿಡ್ ಎಂದಿರಲಿಲ್ಲ. ಊರಿನ ಮೇಲಿನ ಗುಡ್ಡದಲ್ಲಿ, ಬಸ್ಸುಗಳು ನಿಲ್ಲುವ ಪಿಯಾತ್ಸಾಲೆ ಮಿಕೆಲಾಂಜೆಲೋದಲ್ಲಿ ಇನ್ನೊಂದು ಕಂಚಿನ ಪ್ರತಿಕೃತಿ ಇದೆ. ಬಸ್ಸಿನಿಂದಿಳಿದು ಅದನ್ನು ತೋರಿಸಿದರೂ ಕಾಗದದ ಪ್ರಕಾರ ಮಾತು ಉಳಿಸಿಕೊಂಡಂತೆಯೇ.

ಇಂಥ ಬಸ್ಸುಗಳಲ್ಲಿ ಹೆಚ್ಚಾಗಿ ಇರುವವರು ಪಿಂಚಣಿ ಹಣ ಕೂಡಿಟ್ಟು, ಬದುಕಿನಲ್ಲಿ ಒಮ್ಮೆ ಮಾತ್ರ ಯುರೋಪ್ ನೋಡಲು ಹೊರಟವರು. ಅವರು ಹೋದ ಪುಟ್ಟ ಬಂದ ಪುಟ್ಟ ಆಗಬಾರದು. ಅದಕ್ಕೇ ಆ ತಂಡಕ್ಕೆ ಏನಾಯಿತು, ಯಾಕಾಯಿತು ಎಂಬುದನ್ನು ಬಿಡಿಸಿ ಹೇಳಬೇಕಾಗಿದೆ.

ಮೊದಲ ತಪ್ಪು ಕ್ಯಾಲೆಂಡರಿನಲ್ಲೇ ಇತ್ತು. ಶನಿವಾರ ಸಂಜೆ ರೋಮ್‌ಗೆ ಇಳಿಯುವುದು, ಭಾನುವಾರ ರೋಮ್, ಸೋಮವಾರ ಫ್ಲಾರೆನ್ಸ್ ಮತ್ತು ಪೀಸಾ, ಮಂಗಳವಾರ ವೆನಿಸ್. ಇಟಲಿ ನೋಡಲು ಇದಕ್ಕಿಂತ ಕೆಟ್ಟ ಜೋಡಣೆ ಇಲ್ಲ. ವ್ಯಾಟಿಕನ್ ಮ್ಯೂಸಿಯಂ, ಅಂದರೆ ಸಿಸ್ಟೀನ್ ಚಾಪೆಲ್ ಸಹ, ಭಾನುವಾರ ಮುಚ್ಚಿರುತ್ತದೆ. ತಿಂಗಳ ಕೊನೆಯ ಭಾನುವಾರ ಮಾತ್ರ ಉಚಿತವಾಗಿ ತೆರೆದಿರುತ್ತದೆ. ಆಗಲೂ ಮಧ್ಯಾಹ್ನ 12:30ಕ್ಕೆ ಪ್ರವೇಶ ನಿಲ್ಲುತ್ತದೆ, ಸಾಲು ಗೋಡೆಯುದ್ದಕ್ಕೂ ಬೆಳೆದಿರುತ್ತದೆ. ಜೂನ್ 29 ಮತ್ತು ಆಗಸ್ಟ್ 15ಕ್ಕೂ ರಜೆ. ಬುಧವಾರ ಬೆಳಿಗ್ಗೆ ಪೋಪ್ ಅವರ ಸಾರ್ವಜನಿಕ ದರ್ಶನವಿದ್ದರೆ ಸೇಂಟ್ ಪೀಟರ್ಸ್ ಬೆಸಿಲಿಕಾ ಮಧ್ಯಾಹ್ನದವರೆಗೆ ಸಿಗುವುದು ಕಷ್ಟ. ಹಾಗಾಗಿ 'ರೋಮ್‌ನಲ್ಲಿ ಒಂದು ದಿನ' ಎಂದಿದ್ದರೆ ಅದು ಯಾವ ವಾರ ಎಂದು ಮೊದಲು ನೋಡಿ. ಪ್ರವಾಸದ ಹೆಸರು, ಹೋಟೆಲಿನ ಸ್ಟಾರ್, ಊಟದ ಮೆನು ಎಲ್ಲ ಆಮೇಲೆ.

ಎರಡನೆಯದು ರೋಮ್‌ನ ಪ್ರಾಚೀನ ಕ್ರೀಡಾಂಗಣ ಕೊಲೋಸಿಯಂ. ತಂಡ ಹೊರಗಿನಿಂದ ಇಪ್ಪತ್ತು ನಿಮಿಷ ನೋಡಿತು. ಒಳಗೆ ಯಾಕಿಲ್ಲ ಎಂದು ಕೇಳಿದವರಿಗೆ ಸಿಕ್ಕ ಉತ್ತರ, ಟಿಕೆಟ್ ಸೋಲ್ಡ್ ಔಟ್. ಆ ಉತ್ತರ ನಿಜವೇ ಇರಬಹುದು, ಆದರೆ ಅದು ಅಂದು ಹುಟ್ಟಿದ ತೊಂದರೆಯಲ್ಲ. ಸಾಮಾನ್ಯ ಟಿಕೆಟ್ 18 ಯೂರೋ, ಅದರಲ್ಲೇ ಪಕ್ಕದ ಪ್ರಾಚೀನ ಅವಶೇಷಗಳಾದ ಫೋರಂ ಮತ್ತು ಪ್ಯಾಲಟೈನ್ ಗುಡ್ಡವೂ ಸೇರಿದೆ. ಭೇಟಿಯ ದಿನಕ್ಕೆ 30 ದಿನ ಮೊದಲು ಅಧಿಕೃತ ತಾಣದಲ್ಲಿ ಬಿಡುಗಡೆಯಾಗುತ್ತದೆ, ಸೀಸನ್‌ನಲ್ಲಿ ನೋಡನೋಡುತ್ತ ಖಾಲಿಯಾಗುತ್ತದೆ. 2023ರ ಅಕ್ಟೋಬರ್‌ನಿಂದ ಟಿಕೆಟ್ ಮೇಲೆ ನೋಡುಗರ ಹೆಸರು ಇರಲೇಬೇಕು, ಬಾಗಿಲಲ್ಲಿ ಗುರುತಿನ ಚೀಟಿಯೊಂದಿಗೆ ತಾಳೆ ಹಾಕುತ್ತಾರೆ. ದಲ್ಲಾಳಿಗಳು ಬಾಟ್ ತಂತ್ರಾಂಶ ಬಿಟ್ಟು ಟಿಕೆಟ್ ಬಾಚಿಕೊಂಡು ದುಬಾರಿ ಪ್ಯಾಕೇಜ್‌ಗಳಾಗಿ ಮಾರುತ್ತಿದ್ದುದಕ್ಕೆ ಇಟಲಿಯ ಸ್ಪರ್ಧಾ ಪ್ರಾಧಿಕಾರ 2025ರ ಏಪ್ರಿಲ್‌ನಲ್ಲಿ, ಟಿಕೆಟ್ ವಿತರಣೆ ನೋಡಿಕೊಳ್ಳುತ್ತಿದ್ದ ಸಂಸ್ಥೆಯನ್ನೂ ಸೇರಿಸಿ, ಒಟ್ಟು ಸುಮಾರು 2 ಕೋಟಿ ಯೂರೋ ದಂಡ ಹಾಕಿತು. ಅಷ್ಟು ಬಿಗಿ ಇರುವ ಕಡೆ 'ಅಲ್ಲಿಗೆ ಹೋದಮೇಲೆ ನೋಡೋಣ' ಎನ್ನುವ ಮಾತಿಗೆ ಅರ್ಥವಿಲ್ಲ. ನಿಮ್ಮ ಹೆಸರು, ಪಾಸ್‌ಪೋರ್ಟ್‌ನಲ್ಲಿರುವ ಸ್ಪೆಲ್ಲಿಂಗ್‌ನಲ್ಲೇ, ಹೊರಡುವ ಮೊದಲೇ ಟಿಕೆಟ್ ಮೇಲೆ ಇರಬೇಕು. ನಮ್ಮವರ ಇನಿಷಿಯಲ್ ಬಿಡಿಸಿ ಬರೆಯುವಲ್ಲಿ ತಪ್ಪಾಗುವುದು ಜಾಸ್ತಿ, ಅದನ್ನು ಒಮ್ಮೆ ಕಣ್ಣಾಡಿಸಿ ನೋಡಿಕೊಳ್ಳಿ.

ಹೊರಗೆ ನಿಂತ ತಂಡದ ನಾಲ್ಕೈದು ಮಂದಿ ಅಲ್ಲೇ ಓಡಾಡುತ್ತಿದ್ದ ಹುಡುಗರಿಂದ 'ಸ್ಕಿಪ್ ದ ಲೈನ್' ಟಿಕೆಟ್ ಕೊಂಡರು. ಆ ಮಾತು ತಪ್ಪಿಸುವುದು ಟಿಕೆಟ್ ಕೊಳ್ಳುವ ಸಾಲನ್ನು ಮಾತ್ರ. ಭದ್ರತಾ ತಪಾಸಣೆಯ ಸಾಲು ಎಲ್ಲರಿಗೂ ಒಂದೇ. ಸಾಲಿನಲ್ಲಿ ಅರ್ಧ ದೂರ ಬಂದಾಗ ಬಸ್ಸಿನ ಸಮಯವಾಗಿ ಅವರು ವಾಪಸಾದರು. ದುಡ್ಡೂ ಹೋಯಿತು.

ಇಟಿನರರಿಯ ಕ್ರಿಯಾಪದಗಳನ್ನು ಕಾನೂನಿನ ಕಾಗದದಂತೆ ಓದಬೇಕು. ಈ ವ್ಯಾಪಾರದಲ್ಲಿ ಪ್ರತಿ ಪದಕ್ಕೂ ಬೇರೆ ಬೆಲೆ ಇದೆ. 'ಪನೋರಮಿಕ್ ಟೂರ್' ಅಂದರೆ ಬಸ್ಸಿನ ಕಿಟಕಿಯಿಂದ. 'ಪಾಸ್ ಬೈ' ಅಂದರೆ ಬಸ್ ನಿಲ್ಲುವುದೂ ಇಲ್ಲ. 'ಫೋಟೋ ಸ್ಟಾಪ್' ಅಂದರೆ ಹತ್ತರಿಂದ ಇಪ್ಪತ್ತು ನಿಮಿಷ, ಹೊರಗಿನಿಂದ. 'ಓರಿಯೆಂಟೇಶನ್ ಟೂರ್' ಅಂದರೆ ಟೂರ್ ಮ್ಯಾನೇಜರ್ ಜೊತೆ ಒಂದು ಸುತ್ತು. 'ವಿಸಿಟ್' ಎಂಬ ಪದದ ಮೇಲೂ ಭರವಸೆ ಇಡಬೇಡಿ. 'ಪ್ರವೇಶ ಟಿಕೆಟ್ ಸೇರಿದೆ' ಎಂದು ಆ ಜಾಗದ ಹೆಸರಿನ ಪಕ್ಕದಲ್ಲೇ ಬರೆದಿದ್ದರೆ ಮಾತ್ರ ಒಳಗೆ ಹೋಗುತ್ತೀರಿ. ಪೀಸಾದ ಗೋಪುರದ ಹೆಸರು ಎಲ್ಲ ಬ್ರೋಷರ್‌ಗಳಲ್ಲೂ ಇರುತ್ತದೆ, ಹತ್ತುವ ಟಿಕೆಟ್ ಅಪರೂಪ. ಅದಕ್ಕೆ ಗಂಟೆ ನಿಗದಿಯಾದ ಪ್ರತ್ಯೇಕ ಟಿಕೆಟ್ ಬೇಕು, ಚೀಲ ಹೊರಗಿಡಬೇಕು, 8 ವರ್ಷದೊಳಗಿನ ಮಕ್ಕಳನ್ನು ಬಿಡುವುದೇ ಇಲ್ಲ.

ಟೂರ್ ಮ್ಯಾನೇಜರ್ ಬೇರೆ, ಗೈಡ್ ಬೇರೆ. ಇಲ್ಲಿಂದ ಜೊತೆಗೆ ಬರುವವರು ಊಟ, ಹೋಟೆಲ್, ಬಸ್ ನೋಡಿಕೊಳ್ಳುವವರು. ಇಟಲಿಯಲ್ಲಿ ಸ್ಮಾರಕದೊಳಗೆ ವಿವರಿಸಲು ಪರವಾನಗಿ ಪಡೆದ ಗೈಡ್ ಬೇಕು. ಹಾಗಾಗಿ 'ಗೈಡೆಡ್ ಟೂರ್' ಎಂದು ಬರೆದವರನ್ನು, ಯಾವ ಊರಿನಲ್ಲಿ, ಎಷ್ಟು ಗಂಟೆ, ಪರವಾನಗಿ ಇರುವ ಸ್ಥಳೀಯ ಗೈಡ್ ಇದ್ದಾರೆ ಎಂದು ಕೇಳಿ. ಈ ತಂಡಕ್ಕೆ ನಾಲ್ಕು ಊರಿಗೆ ಸೇರಿ ಎರಡೇ ಗಂಟೆ ಗೈಡ್ ಇದ್ದದ್ದು, ಅದೂ ರೋಮ್‌ನಲ್ಲಿ ಬಸ್ಸಿನೊಳಗೆ.

ಈಗ ಸೋಮವಾರದ ಗಡಿಯಾರ. ಇಡೀ ಪ್ರವಾಸ ಕೆಟ್ಟದ್ದು ಎಲ್ಲಿ ಎಂಬುದು ಇದರಲ್ಲಿದೆ. ರೋಮ್‌ನಿಂದ ಫ್ಲಾರೆನ್ಸ್‌ಗೆ ಸುಮಾರು 275 ಕಿಲೋಮೀಟರ್, ಬಸ್ಸಿನಲ್ಲಿ ಒಂದು ನಿಲುಗಡೆ ಸೇರಿ ನಾಲ್ಕು ಗಂಟೆ. 7:30ಕ್ಕೆ ಹೊರಟು 11:30ಕ್ಕೆ ತಲುಪಿದರು. ಟೂರಿಸ್ಟ್ ಬಸ್ಸು ಹಳೆಯ ಊರಿನೊಳಗೆ ಹೋಗುವಂತಿಲ್ಲ, ಇಳಿಸಿದ ಕಡೆಯಿಂದ 20 ನಿಮಿಷ ನಡಿಗೆ. ಇಂಡಿಯನ್ ರೆಸ್ಟೋರೆಂಟ್‌ನಲ್ಲಿ ಊಟ, 46 ಜನ ಎರಡು ಪಾಳಿಯಲ್ಲಿ ಕೂತು ಏಳಲು ಒಂದೂಕಾಲು ಗಂಟೆ. 2:30ಕ್ಕೆ ಬಸ್ ಹತ್ತಬೇಕೆಂದರೆ 2:10ಕ್ಕೇ ಹೊರಡಬೇಕು. ಫ್ಲಾರೆನ್ಸ್‌ಗೆ ಉಳಿದದ್ದು ಒಂದು ಗಂಟೆ, ಅದರಲ್ಲಿ ಶೌಚಾಲಯ ಹುಡುಕಿದ್ದೂ ಸೇರಿದೆ. ನಾಲ್ಕು ಗಂಟೆಗೆ ಪೀಸಾ. ಅಲ್ಲೂ ಬಸ್ ನಿಲ್ದಾಣದಿಂದ ಗೋಪುರಕ್ಕೆ ಸುಮಾರು ಒಂದು ಕಿಲೋಮೀಟರ್. ಮೊಣಕಾಲು ನೋವಿದ್ದ ಮೂವರು ಹಿರಿಯರು ಬಸ್ಸಿನಲ್ಲೇ ಕೂತರು. ಗೋಪುರ ನೋಡಲಿಲ್ಲ.

ತಡವಾದರೆ ಡ್ರೈವರ್ ಕಾಯುತ್ತಾನೆ ಎಂದುಕೊಳ್ಳಬೇಡಿ. ಯುರೋಪಿನ ಕಾನೂನಿನಲ್ಲಿ ದಿನಕ್ಕೆ 9 ಗಂಟೆ ಚಾಲನೆ, ವಾರಕ್ಕೆ ಎರಡು ಸಲ ಮಾತ್ರ 10. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ. ದಿನಕ್ಕೆ ಸಾಮಾನ್ಯವಾಗಿ 11 ಗಂಟೆ ನಿರಂತರ ವಿಶ್ರಾಂತಿ, ಅಂದರೆ ಬೆಳಿಗ್ಗೆ 7:30ಕ್ಕೆ ಶುರುವಾದ ಡ್ಯೂಟಿ ರಾತ್ರಿ 8:30ಕ್ಕೆ ಮುಗಿಯಬೇಕು. ಬಸ್ಸಿನಲ್ಲಿರುವ ಟ್ಯಾಕೋಗ್ರಾಫ್ ಎಲ್ಲವನ್ನೂ ದಾಖಲಿಸುತ್ತದೆ, ದಂಡ ಬೀಳುತ್ತದೆ. ಪ್ರಾಣ ಉಳಿಸುವ ನಿಯಮ ಅದು, ಡ್ರೈವರ್ ಮೇಲೆ ಕೂಗಾಡಬಾರದು. ದಿನಕ್ಕೆ 400 ಕಿಲೋಮೀಟರ್ ಜೊತೆಗೆ ಎರಡು ಊರು ಎಂದು ಯೋಜನೆ ಹಾಕಿದವರನ್ನು ಕೇಳಬೇಕಾದ ಪ್ರಶ್ನೆ ಅದು. ರೋಮ್‌ನಿಂದ ಫ್ಲಾರೆನ್ಸ್‌ಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆ ಸಾಕು, ಅದೂ ಊರಿನ ನಡುವಿನಿಂದ ಊರಿನ ನಡುವಿಗೆ.

ಹೋಟೆಲ್ ಎಲ್ಲಿದೆ ಎಂಬುದೂ ಇದೇ ಲೆಕ್ಕಕ್ಕೆ ಸೇರುತ್ತದೆ. 'ಫ್ಲಾರೆನ್ಸ್ ಹೋಟೆಲ್' ಎಂದರೆ ಬಹಳ ಸಲ ಮೊಂತೆಕಾತೀನಿ, ಅಲ್ಲಿಂದ ಸುಮಾರು 50 ಕಿಲೋಮೀಟರ್. ವೆನಿಸ್ ಹೋಟೆಲ್ ಎಂದರೆ ನೀರಿನಾಚೆಯ ದಡದಲ್ಲಿರುವ, ವೆನಿಸ್ ನಗರಸಭೆಗೇ ಸೇರಿದ ಮೆಸ್ತ್ರೆ, ಇಲ್ಲವೇ ಇನ್ನೂ ದೂರದ ಪಾದುವಾ. ಸಂಜೆ ಊರಿನಲ್ಲಿ ನಾಲ್ಕು ಹೆಜ್ಜೆ ನಡೆಯೋಣ ಎಂಬ ಆಸೆ ಅಲ್ಲೇ ಮುಗಿಯಿತು. ಹೋಟೆಲಿನ ಹೆಸರಿನ ಮುಂದೆ 'ಅಥವಾ ಅದರ ಸಮಾನ' ಎಂದಿದ್ದರೆ, ಊರಿನ ಮುಖ್ಯ ಚೌಕದಿಂದ ಗರಿಷ್ಠ ಎಷ್ಟು ಕಿಲೋಮೀಟರ್ ಎಂದು ಬರೆಸಿಕೊಳ್ಳಿ. ವೀಸಾಕ್ಕೆ ಕೊಟ್ಟ ಹೋಟೆಲ್ ಬುಕಿಂಗ್ ಮತ್ತು ನಿಜವಾಗಿ ಉಳಿಯುವ ಹೋಟೆಲ್ ಒಂದೇನಾ ಎಂದೂ ಕೇಳಿ.

ವೆನಿಸ್‌ನಲ್ಲಿ 2024ರ ಆಗಸ್ಟ್‌ನಿಂದ ಗೈಡ್ ಜೊತೆ ಓಡಾಡುವ ಗುಂಪಿನಲ್ಲಿ 25 ಜನಕ್ಕಿಂತ ಹೆಚ್ಚು ಇರುವಂತಿಲ್ಲ, ಧ್ವನಿವರ್ಧಕ ಬಳಸುವಂತಿಲ್ಲ. 46 ಜನಕ್ಕೆ ಇಬ್ಬರು ಗೈಡ್ ಬೇಕಿತ್ತು, ಬಂದದ್ದು ಒಬ್ಬರು ಟೂರ್ ಮ್ಯಾನೇಜರ್. ಅರ್ಧ ತಂಡ ಸಾನ್ ಮಾರ್ಕೋ ಚೌಕದಲ್ಲಿ ಪಾರಿವಾಳ ನೋಡುತ್ತ ನಿಂತಿತ್ತು. ಗೊಂಡೋಲಾ 'ಆಪ್ಷನಲ್' ಎಂದು ತಲೆಗೆ 35 ಯೂರೋ ವಸೂಲಾಯಿತು. ನಗರ ಗೊತ್ತುಮಾಡಿದ ದರ ಹಗಲಲ್ಲಿ ಅರ್ಧ ಗಂಟೆಗೆ 90 ಯೂರೋ, ಸಂಜೆ ಏಳರ ನಂತರ 110. ಅದು ತಲೆಗಲ್ಲ, ದೋಣಿಗೆ. ಐದು ಜನ ಕೂತರೆ ತಲೆಗೆ 18. ಜೊತೆಗೆ, 2024ರಿಂದ ವಸಂತ ಮತ್ತು ಬೇಸಿಗೆಯ ಆಯ್ದ ದಿನಗಳಲ್ಲಿ ಒಂದು ದಿನಕ್ಕಷ್ಟೇ ಬರುವವರಿಗೆ ಪ್ರವೇಶ ಶುಲ್ಕವಿದೆ. ಮುಂಚೆ ಕಟ್ಟಿದರೆ 5 ಯೂರೋ, ಕೊನೆ ಗಳಿಗೆಯಲ್ಲಿ 10. ಮೆಸ್ತ್ರೆಯಲ್ಲಿ ಉಳಿದವರಿಗೆ ಶುಲ್ಕ ಇಲ್ಲ, ಆದರೆ ವಿನಾಯಿತಿಯ ಕ್ಯೂಆರ್ ಕೋಡ್ ಪಡೆದಿರಬೇಕು. ಪಾದುವಾದಲ್ಲಿ ಉಳಿದ ಪ್ರವಾಸಿಗರು ಕಟ್ಟಬೇಕು. ಇದನ್ನು ಯಾರು ಮಾಡಿಸುತ್ತಾರೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಬೆಲೆಯ ವಿಚಾರ ಚುಟುಕಾಗಿ. ಹೋಟೆಲಿನಲ್ಲಿ ಕಟ್ಟುವ ಸಿಟಿ ಟ್ಯಾಕ್ಸ್ (ರೋಮ್‌ನ 4 ಸ್ಟಾರ್‌ನಲ್ಲಿ ತಲೆಗೆ ರಾತ್ರಿಗೆ 7.50 ಯೂರೋ), ಡ್ರೈವರ್ ಟಿಪ್ಸ್, ಜಿಎಸ್‌ಟಿ, ಟಿಸಿಎಸ್ (ಕಂಪನಿ ನಿಮ್ಮಿಂದ ಮೊದಲೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಎಲ್ಲ ಸೇರಿದ ಮೊತ್ತ ಕೇಳಿ. ಟಿಸಿಎಸ್ ನಿಮ್ಮ ಪ್ಯಾನ್ ಹೆಸರಿಗೆ ಜಮೆಯಾದರೆ ರಿಟರ್ನ್‌ನಲ್ಲಿ ಲೆಕ್ಕಕ್ಕೆ ಸಿಗುತ್ತದೆ. ಷೆಂಗೆನ್ ವೀಸಾ ಶುಲ್ಕ ವಯಸ್ಕರಿಗೆ 90 ಯೂರೋ, ನಿರಾಕರಿಸಿದರೂ ವಾಪಸ್ ಬರುವುದಿಲ್ಲ. ವೀಸಾ ಸಿಗದಿದ್ದರೆ ಪ್ಯಾಕೇಜ್ ಹಣದಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದನ್ನು ಕಾಗದದಲ್ಲೇ ನೋಡಬೇಕು.

ಎರಡನೇ ಕಂತು ಕಟ್ಟುವ ಮುನ್ನ ಒಂದು ಇಮೇಲ್ ಕಳಿಸಿ. ಪ್ರತಿ ಊರಿಗೂ ದಿನಾಂಕ ಮತ್ತು ವಾರ, ಒಳಗೆ ಹೋಗುವ ಜಾಗಗಳ ಪಟ್ಟಿ, ಪ್ರವೇಶದ ಸಮಯ, ಗೈಡ್ ಇರುವ ಗಂಟೆಗಳು, ಹೋಟೆಲಿನ ದೂರ. ಉತ್ತರ ಫೋನಿನಲ್ಲಿ ಬಂದರೆ 'ನೀವು ಹೀಗೆ ಹೇಳಿದಿರಿ' ಎಂದು ಅದನ್ನೇ ಬರೆದು ಮತ್ತೆ ಇಮೇಲ್ ಮಾಡಿ. ದುಡ್ಡು ಪೂರ್ತಿ ಹೋದಮೇಲೆ ಈ ಪ್ರಶ್ನೆಗಳಿಗೆ ಬಲ ಇರುವುದಿಲ್ಲ.

ಅಲ್ಲಿ ಹೋದಮೇಲೆ ತಪ್ಪಿದರೆ, ಮುಚ್ಚಿದ ಬಾಗಿಲಿನ ಬೋರ್ಡ್ ಫೋಟೋ ತೆಗೆದು ಅದೇ ದಿನ ಟೂರ್ ಮ್ಯಾನೇಜರ್‌ಗೂ ಕಂಪನಿಗೂ ಲಿಖಿತ ದೂರು ಕಳಿಸಿ. ಕೊನೆಯ ದಿನ ಬಸ್ಸಿನಲ್ಲಿ ಹಂಚುವ ಫೀಡ್‌ಬ್ಯಾಕ್ ಫಾರಂನಲ್ಲಿ 'ತುಂಬಾ ಚೆನ್ನಾಗಿತ್ತು' ಎಂದು ದಾಕ್ಷಿಣ್ಯಕ್ಕೆ ಬರೆಯಬೇಡಿ, ಆ ಹಾಳೆ ಮುಂದೆ ನಿಮ್ಮ ವಿರುದ್ಧವೇ ಬರುತ್ತದೆ. ಈ ತಂಡದಲ್ಲಿ ಮೂವತ್ತಕ್ಕೂ ಹೆಚ್ಚು ಜನ ಹಾಗೆ ಬರೆದಿದ್ದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. ಕಟ್ಟಿದ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಸಹಾಯವಾಣಿ 1915.

ಈಗಾಗಲೇ ದುಡ್ಡು ಕಟ್ಟಿಯಾಗಿದೆ, ನಿಮಗೂ ಸೋಮವಾರವೇ ಫ್ಲಾರೆನ್ಸ್ ಬಿದ್ದಿದೆ, ಕೈಯಲ್ಲಿ ಒಂದೇ ಗಂಟೆ ಇದೆ ಎಂದಾದರೆ ಚೌಕದ ಪ್ರತಿಕೃತಿಯ ಮುಂದೆ ಅದನ್ನು ಕಳೆಯಬೇಡಿ. ಅಲ್ಲಿಂದ ಪೂರ್ವಕ್ಕೆ ಏಳೆಂಟು ನಿಮಿಷ ನಡೆದರೆ ಸಾಂತಾ ಕ್ರೋಚೆ ಚರ್ಚ್. ಸೋಮವಾರವೂ ತೆರೆದಿರುತ್ತದೆ, ಟಿಕೆಟ್ ಇದೆ, ಹೆಗಲು ಮತ್ತು ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಒಳಗೆ ಬಲಗಡೆಯ ಗೋಡೆಯಲ್ಲಿ ಮೈಕೆಲ್ಯಾಂಜೆಲೋನ ಸಮಾಧಿ, ಅದರ ಎದುರಿನ ಗೋಡೆಯಲ್ಲಿ ಗೆಲಿಲಿಯೋನದು. ಊಟವನ್ನು ಪೊಟ್ಟಣ ಕಟ್ಟಿಸಿಕೊಂಡು ಬಸ್ಸಿಗೆ ಬರುತ್ತೇವೆ ಎಂದು ಬೆಳಿಗ್ಗೆಯೇ ಟೂರ್ ಮ್ಯಾನೇಜರ್‌ಗೆ ಹೇಳಿಬಿಟ್ಟರೆ ಇನ್ನೊಂದು ಗಂಟೆ ಸಿಗುತ್ತದೆ.