ಕೇಬಲ್ ಕಲಿಸಿದ ಪಾಠ: ಹಳೆಯ ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ 144 ಹರ್ಟ್ಸ್ ಪರದೆ, ಮೂರು ವರ್ಷಗಳ ನಂತರ

2020ರಲ್ಲಿ ಕೊಂಡ ನನ್ನ ಲ್ಯಾಪ್‌ಟಾಪ್‌ನಲ್ಲಿ ಎನ್ವಿಡಿಯಾದ 4 ಜಿಬಿಯ ಗ್ರಾಫಿಕ್ಸ್ ಚಿಪ್ ಜಿಟಿಎಕ್ಸ್ 1650 ಇದೆ. ಆ ಬೆಲೆಗೆ ಗ್ರಾಫಿಕ್ಸ್ ಬಗ್ಗೆ ತಕರಾರಿಲ್ಲ. ತಯಾರಕರು ಕೈ ಬಿಗಿ ಮಾಡಿದ್ದು ಪರದೆಯಲ್ಲಿ: 60 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ ಚಿತ್ರ ಬದಲಾಗುತ್ತದೆ), ಬಣ್ಣದ ವ್ಯಾಪ್ತಿ ಎನ್‌ಟಿಎಸ್‌ಸಿ ಎಂಬ ಬಣ್ಣದ ಮಾನದಂಡದ ಶೇ 45 ಮಾತ್ರ. ತಂಗಿಯ ಮದುವೆಯ ಫೋಟೊಗಳನ್ನು ತಿದ್ದಲು ಕುಳಿತಾಗ ಕುಂಕುಮ ಇಟ್ಟಿಗೆ ಪುಡಿಯಂತೆ ಕಂಡಿತು. ಕೆಂಪು ಏರಿಸಿದೆ. ಅಚ್ಚಾಗಿ ಬಂದ ಆಲ್ಬಮ್‌ನಲ್ಲಿ ನೆಂಟರೆಲ್ಲ ಬಿಸಿಲಿಗೆ ಬೆಂದವರಂತಿದ್ದರು. ಪರದೆ ಬದಲಿಸುವ ಹಟ ಹುಟ್ಟಿದ್ದು ಆಗ. ಗೇಮ್ ಆಮೇಲಿನ ನೆಪ.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ‘15.6 ಇಂಚಿನದು ಯಾವುದಾದರೂ ಕೂರುತ್ತದೆ ಸರ್’ ಎಂದರು. ನಂಬಿ, 9,500 ರೂಪಾಯಿ ಕೊಟ್ಟು ಶೇ 72 ಎನ್‌ಟಿಎಸ್‌ಸಿ ಇರುವ 144 ಹರ್ಟ್ಸ್ ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಬಗೆ) ಪ್ಯಾನೆಲ್ ತಂದೆ. ಮನೆಯಲ್ಲಿ ಚೌಕಟ್ಟು ಬಿಚ್ಚಿದರೆ ಪ್ಯಾನೆಲ್ ಬೇಡುವುದು 40 ಪಿನ್, ನನ್ನ ಕೇಬಲ್‌ನಲ್ಲಿ ಇರುವುದು 30. ಹೊಸ ಬಾಗಿಲಿಗೆ ಹಳೆಯ ಬೀಗದ ಕೈ!

ಇದು ಬರಿಯ ಆಕಾರದ ಜಗಳವಲ್ಲ. ಬೋರ್ಡಿನಿಂದ ಪರದೆಗೆ ಚಿತ್ರ ಒಯ್ಯುವ 30 ಪಿನ್ನಿನ ಇಡಿಪಿ ಕೇಬಲ್‌ನಲ್ಲಿ ಚಿತ್ರ ಹರಿಯಲು ಇರುವುದು ಎರಡು ಲೇನ್, ಅಂದರೆ ಎರಡು ದಾರಿ. ಲೇನ್ ಒಂದಕ್ಕೆ ಸೆಕೆಂಡಿಗೆ 2.7 ಗಿಗಾಬಿಟ್ ಎಂದರೂ ಫುಲ್ ಎಚ್‌ಡಿಗೆ 60 ಹರ್ಟ್ಸ್‌ನಲ್ಲಿ ಸಾಕು, 144ಕ್ಕೆ ಸಾಲದು. ಅದಕ್ಕೆ ನಾಲ್ಕು ಲೇನ್ ಬೇಕು. ಅದೃಷ್ಟಕ್ಕೆ ನನ್ನ ಮಾದರಿಯದೇ ದುಬಾರಿ ಆವೃತ್ತಿ 144 ಹರ್ಟ್ಸ್‌ನಲ್ಲಿ ಬರುತ್ತಿತ್ತು, ಮದರ್‌ಬೋರ್ಡ್ ಎರಡಕ್ಕೂ ಒಂದೇ. ಆ ಆವೃತ್ತಿಯ ಕೇಬಲ್‌ನ ಪಾರ್ಟ್ ನಂಬರ್ ಹುಡುಕಿ ತರಿಸಿದೆ. 1,200 ರೂಪಾಯಿ, ಮೂರು ವಾರದ ಕಾಯುವಿಕೆ. ನಿಮ್ಮ ಮಾದರಿಗೆ ಅಂಥ ಅಣ್ಣ ಇಲ್ಲದಿದ್ದರೆ ಪ್ಯಾನೆಲ್‌ಗೆ ದುಡ್ಡು ಹಾಕಬೇಡಿ. ಪ್ಯಾನೆಲ್‌ನ ದಪ್ಪವನ್ನೂ ಸ್ಕ್ರೂ ಹಾಕುವ ಕಿವಿಗಳನ್ನೂ ಹೋಲಿಸಿ ನೋಡಿ. ನನ್ನದಕ್ಕೆ ಕಿವಿಗಳಿರಲಿಲ್ಲ, ಎರಡು ಬದಿಯ ಅಂಟುಪಟ್ಟಿಯಲ್ಲಿ ನಿಂತಿದೆ. ಕೆಲಸಕ್ಕೆ ಮುನ್ನ ಬ್ಯಾಟರಿ ಕಳಚುವುದನ್ನು ಮರೆತರೆ ಬ್ಯಾಕ್‌ಲೈಟ್‌ನ ಫ್ಯೂಸ್ ಸುಡಬಹುದು.

ಮೂರು ವರ್ಷಗಳಲ್ಲಿ ಒಂದೂ ಪಿಕ್ಸೆಲ್ ಸತ್ತಿಲ್ಲ. ಕೆಳಗಿನ ಎಡ ಮೂಲೆಯಲ್ಲಿ ಕೊಂಚ ಬೆಳಕು ಸೋರುತ್ತದೆ, ಕತ್ತಲೆ ಕೋಣೆಯಲ್ಲಿ ಮಾತ್ರ ಕಾಣುತ್ತದೆ. ಕುಂಕುಮ ಈಗ ಕುಂಕುಮವೇ.

ಗ್ರಾಫಿಕ್ಸ್ ಚಿಪ್ಪಿನ ಕಥೆ ಬೇರೆ. ಕೆಲವು ದಪ್ಪ ಲ್ಯಾಪ್‌ಟಾಪ್‌ಗಳಲ್ಲಿ ಎಂಎಕ್ಸ್‌ಎಂ ಎಂಬ ಬಿಡಿ ಗ್ರಾಫಿಕ್ಸ್ ಕಾರ್ಡ್ ಕಳಚಿ ಬದಲಿಸಬಹುದಿತ್ತು. ನನ್ನದು ಬೋರ್ಡಿಗೇ ಬೆಸೆದದ್ದು. ಹೊರಗಿನ ಗ್ರಾಫಿಕ್ಸ್ ಕಾರ್ಡ್ ಜೋಡಿಸಬಲ್ಲ ವೇಗದ ಥಂಡರ್‌ಬೋಲ್ಟ್ ಪೋರ್ಟ್ ಇಲ್ಲವಾದ್ದರಿಂದ ಆ ದಾರಿಯೂ ಇಲ್ಲ. ಪರದೆಯನ್ನು ನೇರವಾಗಿ ಗ್ರಾಫಿಕ್ಸ್ ಚಿಪ್ಪಿಗೆ ತಿರುಗಿಸುವ ಮಕ್ಸ್ ಸ್ವಿಚ್ಚೂ ಇಲ್ಲ. ಹಾಗಾಗಿ ಎನ್ವಿಡಿಯಾ ಬಿಡಿಸಿದ ಪ್ರತಿ ಫ್ರೇಮ್ ಪ್ರೊಸೆಸರ್‌ನಲ್ಲೇ ಇರುವ ಇಂಟೆಲ್‌ನ ಯುಎಚ್‌ಡಿ 630 ಗ್ರಾಫಿಕ್ಸ್ ಮೂಲಕವೇ ಪರದೆಗೆ ಬರುತ್ತದೆ. ಪರದೆ ನೇರವಾಗಿ ಎನ್ವಿಡಿಯಾ ಚಿಪ್ಪಿಗೆ ಸೇರದ ಕಾರಣ ಫ್ರೇಮ್‌ಗಳಿಗೆ ತಕ್ಕಂತೆ ಪರದೆಯ ವೇಗ ಹೊಂದಿಸುವ ಜಿ-ಸಿಂಕ್‌ನ ಆಸೆ ಬಿಟ್ಟೆ. ವ್ಯಾಲೊರಂಟ್‌ನಂಥ ಹಗುರ ಗೇಮ್‌ನಲ್ಲಿ ಸೆಕೆಂಡಿಗೆ ನೂರರ ಮೇಲೆ ಫ್ರೇಮ್ ಸಿಗುತ್ತವೆ, ಆಗ ಪರದೆಯ ಬೆಲೆ ತಿಳಿಯುತ್ತದೆ. ಹೊಸ ಭಾರದ ಗೇಮ್‌ಗಳಲ್ಲಿ 40 ದಾಟಲು ಏದುಸಿರು ಬಿಡುತ್ತದೆ. ಅಲ್ಲಿ 144 ಹರ್ಟ್ಸ್ ಬರಿ ಅಲಂಕಾರ. ಬ್ಯಾಟರಿಯಲ್ಲಿರುವಾಗ ನಾನೇ 60ಕ್ಕೆ ಇಳಿಸುತ್ತೇನೆ.

ಹಳೆಯ ಪ್ಯಾನೆಲ್ ಮತ್ತು 30 ಪಿನ್ ಕೇಬಲ್ ಬೀರುವಿನ ಮೇಲಿವೆ. ತಂಗಿಯ ಆಲ್ಬಮ್ ಅವಳ ಗಂಡನ ಮನೆಯಲ್ಲಿದೆ. ತಿರುಗಿ ಅಚ್ಚು ಹಾಕಿಸಿಕೊಡು ಎಂದು ಪ್ರತಿ ಹಬ್ಬಕ್ಕೂ ಕೇಳುತ್ತಾಳೆ.